ಎರಡು ಕ್ಯಾಬಿನೆಟ್‌ಗಳ ನಡುವೆ ಕೋಆಕ್ಸಿಯಲ್ ಕೇಬಲ್: ಜೋಡಿಸುವುದು ಹೇಗೆ?

ಕಚೇರಿಯ ಟೆಲಿಫೋನ್ ವ್ಯವಸ್ಥೆ, ಅಂದರೆ ಪಿಬಿಎಕ್ಸ್, ಬೆಳೆದು ಒಂದು ಕ್ಯಾಬಿನೆಟ್‌ನಲ್ಲಿ ಹಿಡಿಸದಂತಾದಾಗ ಪಕ್ಕದಲ್ಲಿ ಇನ್ನೊಂದನ್ನು ನಿಲ್ಲಿಸಿ ಎರಡನ್ನೂ ಬೆಸೆಯಬೇಕಾಗುತ್ತದೆ. ಇದಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವ ದಾರಿಗಳಲ್ಲಿ ಒಂದು, ಸೆಕೆಂಡಿಗೆ 2.048 ಮೆಗಾಬಿಟ್ ವೇಗದ ಇ1 ಎಂಬ ಡಿಜಿಟಲ್ ಸಂಪರ್ಕವನ್ನು ಕೋಆಕ್ಸಿಯಲ್ ಕೇಬಲ್ ಮೇಲೆ ಒಯ್ಯುವುದು. ಈ ಕೇಬಲ್‌ನಲ್ಲಿ ನಡುವೆ ಒಂದು ತಂತಿ, ಅದರ ಸುತ್ತ ನಿರೋಧಕ, ಅದರ ಮೇಲೆ ಲೋಹದ ಜಾಲರಿ, ಎಲ್ಲಕ್ಕೂ ಹೊರಗೆ ಕವಚ ಇರುತ್ತದೆ. ಇ1ರ 32 ಕಾಲಖಂಡಗಳಲ್ಲಿ, ಅಂದರೆ ಸರದಿಯಂತೆ ಬರುವ ಸಮಯದ ತುಣುಕುಗಳಲ್ಲಿ, ಸಾಮಾನ್ಯವಾಗಿ 30 ಮಾತುಕತೆಗೆ ಸಿಗುತ್ತವೆ; ಉಳಿದ ಎರಡು ಹೊಂದಾಣಿಕೆಗೂ ಸಂಕೇತಗಳಿಗೂ ಮೀಸಲು. ಹೋಗುವ ದಾರಿಗೆ ಒಂದು, ಬರುವ ದಾರಿಗೆ ಒಂದು ಎಂದು ಪ್ರತಿ ಸಂಪರ್ಕಕ್ಕೂ ಎರಡು ಕೇಬಲ್ ಬೇಕು.

ಮೊದಲು ಕೇಬಲ್ ಮೇಲಿನ ಮುದ್ರಿತ ಅಕ್ಷರಗಳನ್ನು ಓದಿ. ಇಲ್ಲಿ ಬೇಕಾದದ್ದು 75 ಓಮ್‌ನ ಕೇಬಲ್, ಉದಾಹರಣೆಗೆ ಆರ್‌ಜಿ-59. ಈ ಓಮ್ ಸಂಖ್ಯೆ ಓಡುವ ಸಂಕೇತಕ್ಕೆ ಕೇಬಲ್ ಒಡ್ಡುವ ಪ್ರತಿಬಾಧೆ (ಇಂಪಿಡೆನ್ಸ್); ಮಲ್ಟಿಮೀಟರ್ ತೋರಿಸುವ ತಂತಿಯ ರೋಧವಲ್ಲ. ರೇಡಿಯೊ ಉಪಕರಣಗಳಲ್ಲಿ ಬಳಸುವ ಆರ್‌ಜಿ-58 ನೋಡಲು ಹೆಚ್ಚುಕಡಿಮೆ ಹಾಗೆಯೇ ಇದ್ದರೂ ಅದು 50 ಓಮ್‌ನದು. ಇವೆರಡು ಕೂಡುವ ಜಾಗದಲ್ಲಿ ಸಂಕೇತದ ವೋಲ್ಟೇಜಿನ ಐದನೇ ಒಂದು ಭಾಗ ಹಿಂದಕ್ಕೆ ಪ್ರತಿಫಲಿಸುತ್ತದೆ. ಕೆಲವೇ ಮೀಟರ್ ಉದ್ದದಲ್ಲಿ ತಪ್ಪು ಕೇಬಲ್ ಕೂಡ ಹೇಗೋ ಕೆಲಸ ಮಾಡಿಬಿಡುವುದರಿಂದ ಈ ತಪ್ಪು ಬೇಗ ಬಯಲಾಗುವುದಿಲ್ಲ. ತೊಂದರೆ ಇರುವುದೇ ಅಲ್ಲಿ.

ಕೆಲಸ ಆರಂಭಿಸುವ ಮುನ್ನ ಆ ಸಂಪರ್ಕವನ್ನು ಸಾಫ್ಟ್‌ವೇರ್‌ನಲ್ಲಿ ಸೇವೆಯಿಂದ ಹೊರಗಿಡಿ, ಇಲ್ಲವಾದರೆ ನಡೆಯುತ್ತಿರುವ ಕರೆಗಳು ತುಂಡಾಗುತ್ತವೆ. ಸ್ಥಾಯೀ ವಿದ್ಯುತ್ತಿನಿಂದ ಕ್ಯಾಬಿನೆಟ್‌ನ ಸರ್ಕ್ಯೂಟ್ ಕಾರ್ಡುಗಳು ಕೆಡದಂತೆ ಮಣಿಕಟ್ಟಿನ ಪಟ್ಟಿ ಧರಿಸಿ ಅದನ್ನು ಅರ್ತಿಂಗ್‌ಗೆ ಜೋಡಿಸಿಕೊಳ್ಳಿ. ಬಳಿಕ ಎರಡೂ ಕ್ಯಾಬಿನೆಟ್‌ಗಳ ಲೋಹದ ಚೌಕಟ್ಟುಗಳ ನಡುವೆ ಮಲ್ಟಿಮೀಟರ್ ಹಿಡಿದು ವೋಲ್ಟೇಜ್ ಅಳೆಯಿರಿ. ಗಮನಾರ್ಹ ವೋಲ್ಟೇಜ್ ಕಂಡರೆ ಮೊದಲು ಅರ್ತಿಂಗ್ ಸರಿಪಡಿಸಬೇಕು, ಏಕೆಂದರೆ ಕೇಬಲ್ ಜೋಡಿಸಿದ ಕೂಡಲೇ ಆ ವಿದ್ಯುತ್ತು ಅದರ ಹೊರಜಾಲರಿಯ ಮೂಲಕ ಹರಿಯತೊಡಗುತ್ತದೆ. ಹೊರಜಾಲರಿಯನ್ನು ಸಂಕೇತ ಕಳುಹಿಸುವ ತುದಿಯಲ್ಲಿ ಅರ್ತ್ ಮಾಡುವುದು ವಾಡಿಕೆ; ಸ್ವೀಕರಿಸುವ ತುದಿಯಲ್ಲಿ ಮಾಡಬೇಕೇ ಬೇಡವೇ ಎಂಬುದನ್ನು ಉಪಕರಣದ ಕೈಪಿಡಿ ನೋಡಿ ತೀರ್ಮಾನಿಸಿ.

ಕೇಬಲನ್ನು ವಿದ್ಯುತ್ ತಂತಿಗಳಿಂದ ದೂರವಿಟ್ಟು ಹಾಯಿಸಿ. ಬಾಗುವಲ್ಲಿ ತಿರುವಿನ ತ್ರಿಜ್ಯ ಕೇಬಲ್ ವ್ಯಾಸದ ಹತ್ತು ಪಟ್ಟಿಗಿಂತ ಕಡಿಮೆಯಾಗದಿರಲಿ, ಅಂದರೆ 6 ಮಿಲಿಮೀಟರ್ ದಪ್ಪದ ಕೇಬಲ್‌ಗೆ 60 ಮಿಲಿಮೀಟರ್. ಕಟ್ಟುಪಟ್ಟಿಗಳನ್ನು ಕೇಬಲ್ ನಲುಗುವಷ್ಟು ಬಿಗಿಯಬೇಡಿ. ಎರಡೂ ತುದಿಗಳಿಗೆ ಹೆಸರುಚೀಟಿ ಅಂಟಿಸುವ ಕೆಲಸ ಹಾಯಿಸುವುದಕ್ಕೆ ಮೊದಲೇ ಮುಗಿದಿರಬೇಕು.

ಕೈಚಳಕ ಬೇಕಾಗುವುದು ಕೇಬಲ್ ತುದಿಗೆ ಬಿಎನ್‌ಸಿ ಎಂಬ, ಒತ್ತಿ ತಿರುಗಿಸಿ ಕೂರಿಸುವ ಕನೆಕ್ಟರ್ ಹಾಕುವಾಗ. ಕ್ರಿಂಪ್ ಮಾಡುವ, ಅಂದರೆ ವಿಶೇಷ ಇಕ್ಕಳದ ಅಚ್ಚಿನಲ್ಲಿ ಒತ್ತಿ ಬಿಗಿಸುವ, ಲೋಹದ ಕೊಳವೆಯನ್ನು ಮೊದಲು ಕೇಬಲ್‌ಗೆ ತೂರಿಸಿಡಿ. ಕನೆಕ್ಟರ್ ಕೂರಿಸಿದ ಮೇಲೆ ಕೊಳವೆ ಮೇಜಿನ ಮೇಲೆಯೇ ಉಳಿದಿರುವುದನ್ನು ಕಂಡು ಹಣೆ ಚಚ್ಚಿಕೊಳ್ಳದವರು ಈ ವೃತ್ತಿಯಲ್ಲಿ ವಿರಳ. ತಯಾರಕರು ಹೇಳಿದ ಅಳತೆಗೆ ಹೊರಕವಚ, ಜಾಲರಿ, ಒಳನಿರೋಧಕ ಈ ಮೂರನ್ನೂ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ. ಈಗ ಬರಿದಾದ ನಡುತಂತಿಯ ಮೇಲೆ ಬ್ಲೇಡಿನ ಗೀರು ಬಿದ್ದಿದ್ದರೆ ಆ ತುದಿಯನ್ನು ಕತ್ತರಿಸಿ ಎಸೆದು ಮತ್ತೆ ಮೊದಲಿನಿಂದ ಮಾಡುವುದೇ ಲೇಸು. ಗೀರು ಬಿದ್ದ ತಂತಿ ಇಂದು ಕೆಲಸ ಮಾಡಿ, ಮುಂದೊಂದು ದಿನ ಯಾರೋ ಕೇಬಲ್ ಸರಿಸಿದಾಗ ಮುರಿಯುತ್ತದೆ. ನಡುತಂತಿಗೆ ಪಿನ್ ತೊಡಿಸಿ ಕ್ರಿಂಪ್ ಮಾಡಿ, ಜಾಲರಿಯನ್ನು ಅಗಲಿಸಿ ಕನೆಕ್ಟರ್‌ನ ಹಿಂಬದಿ ಕೊಳವೆ ಜಾಲರಿಯ ಒಳಗೆ ಇಳಿಯುವಂತೆ ತಳ್ಳಿ, ಮೊದಲೇ ತೂರಿಸಿದ್ದ ಕೊಳವೆಯನ್ನು ಅದರ ಮೇಲೆ ಎಳೆದು ಸರಿಯಾದ ಅಳತೆಯ ಅಚ್ಚಿನಲ್ಲಿ ಒತ್ತಿ. ಜಾಲರಿಯ ಒಂದೇ ಒಂದು ಎಳೆ ಒಳಗೆ ಸರಿದು ಪಿನ್‌ಗೆ ತಾಗಿದರೂ ಶಾರ್ಟ್ ಆಗುತ್ತದೆ.

ಉಪಕರಣಕ್ಕೆ ಚುಚ್ಚುವ ಮೊದಲು ಅಳೆಯಿರಿ. ನಡುತಂತಿಯಿಂದ ಜಾಲರಿಗೆ ಸಂಪರ್ಕವೇ ಇರಬಾರದು. ಒಂದು ತುದಿಯಲ್ಲಿ ಅವೆರಡನ್ನೂ ಬೇಕೆಂದೇ ಕೂಡಿಸಿದರೆ ಇನ್ನೊಂದು ತುದಿಯಲ್ಲಿ ಸೊನ್ನೆಗೆ ಹತ್ತಿರದ ರೋಧ ಕಾಣಬೇಕು. ಅಳೆಯುತ್ತಿರುವಾಗಲೇ ಕನೆಕ್ಟರ್‌ನ ಬುಡವನ್ನು ಮೆಲ್ಲನೆ ಅಲುಗಾಡಿಸಿ. ಅಂಕಿ ಕುಣಿದರೆ ಕ್ರಿಂಪ್ ಸಡಿಲವಾಗಿದೆ.

ಈಗ ಜೋಡಿಸಿ: ಮೊದಲ ಕ್ಯಾಬಿನೆಟ್‌ನ ಟ್ರಾನ್ಸ್‌ಮಿಟ್ ಎರಡನೆಯದರ ರಿಸೀವ್‌ಗೆ ಹೋಗಬೇಕು, ಎರಡನೆಯದರ ಟ್ರಾನ್ಸ್‌ಮಿಟ್ ಮೊದಲನೆಯದರ ರಿಸೀವ್‌ಗೆ. ಬಿಎನ್‌ಸಿಯನ್ನು ಒತ್ತಿ ಕಾಲು ಸುತ್ತು ತಿರುಗಿಸಿದರೆ ಕೂರುತ್ತದೆ. ಎರಡೂ ಬದಿ ಸಂಕೇತವಿಲ್ಲವೆಂದು ಅಲಾರಂ ತೋರಿಸಿದರೆ ಕೇಬಲನ್ನು ದೂರುವ ಮೊದಲು ಒಂದು ತುದಿಯಲ್ಲಿ ಜೋಡಣೆ ಅದಲುಬದಲು ಮಾಡಿ ನೋಡಿ. ಆಗಲೂ ದಾರಿಗೆ ಬರದಿದ್ದರೆ ದೂರದ ತುದಿಯಲ್ಲಿ ಎರಡೂ ಕೇಬಲ್‌ಗಳನ್ನು ಒಂದಕ್ಕೊಂದು ಸೇರಿಸಿ, ಕಳುಹಿಸಿದ ಸಂಕೇತ ಮರಳಿ ಬರುತ್ತದೆಯೇ ಎಂದು ಪರೀಕ್ಷಿಸಿ. ಬಂದರೆ ಕೇಬಲ್ ನಿರ್ದೋಷಿ, ತಪ್ಪು ದೂರದ ಕಾರ್ಡಿನಲ್ಲಿ ಅಥವಾ ಅದರ ಹೊಂದಿಕೆಯಲ್ಲಿದೆ. ಸಂಪರ್ಕ ಎದ್ದು ನಿಂತ ಮೇಲೂ ನಿಯತ ಅಂತರದಲ್ಲಿ ಸ್ಲಿಪ್‌ಗಳು (ಒಂದಿಷ್ಟು ದತ್ತಾಂಶ ಬಿಟ್ಟುಹೋಗುವುದು ಅಥವಾ ಎರಡು ಬಾರಿ ಓದಿಕೊಳ್ಳುವುದು) ದಾಖಲಾಗುತ್ತಿದ್ದರೆ ಅದು ಎರಡು ಕ್ಯಾಬಿನೆಟ್‌ಗಳಲ್ಲಿ ಬಿಟ್‌ಗಳ ವೇಗ ನಿಯಂತ್ರಿಸುವ ಗಡಿಯಾರ ಹೊಂದದಿರುವ ಲಕ್ಷಣ. ಎರಡನೆಯದು ಮೊದಲನೆಯದರಿಂದ ಗಡಿಯಾರ ಪಡೆಯುವಂತೆ ಹೊಂದಿಸಿ. ದೋಷಗಳ ಎಣಿಕೆಯನ್ನು ಸೊನ್ನೆಗೆ ತಂದು ಒಂದು ಇಡೀ ದಿನ ಗಮನಿಸಿ, ಅದು ಏರದಿದ್ದರೆ ಮಾತ್ರ ಕರೆಗಳನ್ನು ಆ ಸಂಪರ್ಕಕ್ಕೆ ಬಿಡಿ.