ಬಾಲ್ಸಾ ಯಾಕ್ರೀ, ಮೇದಾರ ಓಣಿಯ ಬಿದಿರು ಇರುವಾಗ!

"ಬಿದಿರು ಕಟ್ಟಿ ವಿಮಾನ ಹಾರಿಸ್ತೀಯಾ? ಸುಮ್ನೆ ಗಾಳಿಪಟ ಮಾಡಲೇ" ಅಂತ ಬಾಲ್ಸಾ ಎಂಬ ಹಗುರ ಮರದಲ್ಲಿ ಮಾಡೆಲ್ ವಿಮಾನ ಕಟ್ಟುವ ಬೆಂಗಳೂರಿನ ಗೆಳೆಯರು ಎರಡು ವರ್ಷ ಆಡಿಕೊಂಡರು. ಹೋದ ಫೆಬ್ರವರಿಯಲ್ಲಿ ಚಳ್ಳಕೆರೆ ಕಡೆ ಶೇಂಗಾ ಕಿತ್ತ ಹೊಲದಲ್ಲಿ ನನ್ನ ಬಿದಿರಿನ ರಿಮೋಟ್ ವಿಮಾನ, ಹಳೆಯ ಡೆಮ್ವಾಜೆಲ್ ವಿಮಾನದ ಮಾದರಿ, ನಾಲ್ಕು ನಿಮಿಷದ ಮೇಲೆ ಹಾರಿತು. ವಿಡಿಯೊ ಕಳಿಸಿದೆ. ಆಮೇಲೆ ಗುಂಪಿನಲ್ಲಿ ಉಸಿರಿಲ್ಲ.

ಎಲ್ಲರೂ ಟೈಗರ್ ಮಾತ್, ಸ್ಪಿಟ್‌ಫೈರ್ ಅಂತಾರೆ. ನನಗೆ ಮೊದಲಿಂದ ಸಾಂಟೋಸ್ ಡ್ಯುಮಾಂಟ್ ಹುಚ್ಚು. ಬ್ರೆಜಿಲ್‌ನ ಕಾಫಿ ಸಾಹುಕಾರನ ಮಗ, ಪ್ಯಾರಿಸ್‌ನಲ್ಲಿ 1909ರ ಹೊತ್ತಿಗೆ ಬಿದಿರ ಗಳಗಳನ್ನೇ ಒಡಲು ಮಾಡಿ ಡೆಮ್ವಾಜೆಲ್ ಎಂಬ ಈ ಪುಟ್ಟ ವಿಮಾನ ಕಟ್ಟಿದ. ಪೇಟೆಂಟ್ ಮಾಡಿಸಲಿಲ್ಲ, ಯಾರು ಬೇಕಾದರೂ ಕಟ್ಟಿಕೊಳ್ಳಿ ಅಂದುಬಿಟ್ಟ. ಆ ಕಾಲಕ್ಕೆ ರೈಟ್ ಸಹೋದರರು ಪೇಟೆಂಟ್ ಹಿಡಿದು ಕೋರ್ಟು ಹತ್ತಿದ್ದರು.

ನನ್ನದು ಮೂಲದ ನಾಲ್ಕನೇ ಒಂದು ಅಳತೆ, ರೆಕ್ಕೆ 1.3 ಮೀಟರ್ ಆಸುಪಾಸು. ಮೊದಲ ಒಡಲಿಗೆ ಸಣ್ಣ ಗಳ ಇಡಿಯಾಗಿ ಹಾಕಿದೆ. ತೂಕ 1.6 ಕೆಜಿ ದಾಟಿತು. ಡ್ಯುಮಾಂಟ್ 1906ರ ನವೆಂಬರ್‌ನಲ್ಲಿ ತನ್ನ ಹಳೆಯ ವಿಮಾನದಲ್ಲಿ 220 ಮೀಟರ್ ಹಾರಿದ್ದ; ನನ್ನದು 22 ಮೀಟರ್ ಹೋಗಿ ಮೂಗು ಊರಿತು. ಅಟ್ಟಕ್ಕೆ ಹಾಕಿದೆ. ಮಳೆಗಾಲ ಮುಗಿದು ನೋಡಿದರೆ ಕೆಳಗೆಲ್ಲ ಹಿಟ್ಟು ಉದುರಿದೆ, ಹುಳ ಕೊರೆದು ಗಳವೆಲ್ಲ ಟೊಳ್ಳು.

ದಾವಣಗೆರೆಯ ಮೇದಾರ ಅಜ್ಜನ ಹತ್ರ ಹೋದೆ. ತುಂಡು ನೋಡಿ, "ತಮ್ಮಾ, ನೀರಾಗ ನೆನಿಸಿಲ್ಲೇನು? ಒಳಗಿಂದೆಲ್ಲ ಕೆರೆದು ತೆಗಿ, ಸಿಪ್ಪ್ಯಾಗ ಐತಿ ಜೀವ" ಅಂದ. ನೆನೆಸಿದರೆ ಒಳಗಿನ ಪಿಷ್ಟ ಕರಗಿ ಹೋಗುತ್ತೆ, ಹುಳಕ್ಕೆ ಊಟ ಇಲ್ಲ. ಮೂರು ವಾರ ಡ್ರಮ್ಮಿನಲ್ಲಿಟ್ಟೆ. ಆ ನಾತಕ್ಕೆ ಮನೆಯವಳು ಆಡಿದ ಮಾತು ಇಲ್ಲಿ ಬೇಡ. ನಾನು ಅತಿಬುದ್ಧಿವಂತ, ಮೇಲೆ ಬೇವಿನೆಣ್ಣೆಯನ್ನೂ ಸವರಿದೆ. ಅಂಟು ಕಚ್ಚಲಿಲ್ಲ. ಥ್ರಾಟಲ್ ಕೊಟ್ಟ ತಕ್ಷಣ ಮೋಟರ್ ಬುಡಸಮೇತ ಕಿತ್ತು ಮುಂದೆ ಓಡಿತು, ವಿಮಾನ ಹಿಂದೆ ಉಳೀತು. ಸಾವಿರದ ಎಂಟುನೂರು ರೂಪಾಯಿ ಅಲ್ಲೇ ಹೋಯ್ತು.

ಡ್ಯುಮಾಂಟ್ ರೆಕ್ಕೆಗೆ ರೇಷ್ಮೆ ಹೊದಿಸಿದ್ದ, ನನಗೂ ರೇಷ್ಮೆಯೇ ಬೇಕೆಂಬ ಹಠ. ಮೊಳಕಾಲ್ಮೂರಿಗೆ ಹೋಗಿ ಜರಿ ಇಲ್ಲದ ಬಟ್ಟೆ ತಂದೆ. ಬಟ್ಟೆ ಬಿಗಿಯಾಗಲು ಬಳಿಯುವ ಡೋಪ್ ಎಂಬ ಮೆರುಗೆಣ್ಣೆ ಕುಡಿದೂ ಕುಡಿದೂ ರೆಕ್ಕೆ ಒದ್ದೆ ಕಂಬಳಿ ಆಯ್ತು. ಕೊನೆಗೆ ಪೇಟೆಯ ನಲವತ್ತು ರೂಪಾಯಿ ಮೀಟರಿನ ತೆಳು ಲೈನಿಂಗ್ ಬಟ್ಟೆಯೇ ಗತಿ. ಅದಕ್ಕೆ ಏನು ಬೆರೆಸಿ ಬಳಿದೆ ಅಂತ ಕೇಳಬೇಡಿ.

ಗೆಳೆಯರಿಗೆ ನಿಜವಾದ ಅನುಮಾನ ಇದ್ದದ್ದು ರೆಕ್ಕೆ ತಿರುಚುವುದರ ಮೇಲೆ. ವಿಮಾನ ವಾಲಿಸಲು ರೆಕ್ಕೆಯ ಹಿಂದಂಚಿಗೆ ಹಾಕುವ ಪಟ್ಟಿ, ಏಲೆರಾನ್, ಮೂಲದಲ್ಲಿ ಇಲ್ಲ; ರೆಕ್ಕೆಯನ್ನೇ ತಿರುಚಬೇಕು. ನಾನೂ ಹಾಕಲ್ಲ ಅಂದೆ. ಪಕ್ಕೆಲುಬುಗಳನ್ನು ಹಿಂದಿನ ದಂಡಕ್ಕೆ ಅಂಟಿಸಿದ್ದಾಗ ರೆಕ್ಕೆ ತಿರುಚಲೇ ಇಲ್ಲ, ತಂತಿ ಎಳೆಯುವ ಪುಟ್ಟ ಮೋಟರ್, ಸರ್ವೋ, ಸುಟ್ಟಿತು. ಎರಡು ಸುಟ್ಟ ಮೇಲೆ ಅಂಟು ಬಿಟ್ಟು ನೈಲಾನ್ ದಾರದಲ್ಲಿ ಎಂಟರಾಕಾರಕ್ಕೆ ಕಟ್ಟಿದೆ. ಈಗ ಕೈಯಲ್ಲಿ ಹಿಡಿದರೆ ಮೊರದ ಅಂಚಿನ ಹಾಗೆ ಬಾಗುತ್ತೆ. ಆದರೆ ಎಡಕ್ಕೆ ತಿರುಚಿದರೆ ಮೂಗು ಬಲಕ್ಕೆ! ಮೇಲೇಳುವ ರೆಕ್ಕೆಗೆ ಎಳೆತ ಜಾಸ್ತಿ, ಗೊತ್ತಿದ್ದದ್ದೇ. ಮೂರನೇ ಸಲ ಬಿದ್ದದ್ದೂ ಇದರಿಂದಲೇ. ರೈಟ್ ಸಹೋದರರು 1902ರ ಗ್ಲೈಡರಿನಲ್ಲೇ ಚುಕ್ಕಾಣಿಯನ್ನು ತಿರುಚುವ ತಂತಿಗೆ ಜೋಡಿಸಿದ್ದರು. ನಾನು ಅದನ್ನೇ ರಿಮೋಟಿನ ಮಿಕ್ಸಿಂಗಿನಲ್ಲಿ ಮಾಡಿದೆ: ರೆಕ್ಕೆ ತಿರುಚಿದರೆ ಚುಕ್ಕಾಣಿಯೂ ತಾನೇ ತಿರುಗುತ್ತೆ. ಎಷ್ಟು ಪರ್ಸೆಂಟು? ಅದು ನನ್ನ ಹತ್ರ ಇರಲಿ.

ಇನ್ನೊಂದು ಚಟ. ಡ್ಯುಮಾಂಟ್ ರೆಕ್ಕೆಯ ತಂತಿಯನ್ನು ಒಂದು ಸನ್ನೆಗೋಲಿಗೆ ಕಟ್ಟಿ, ಆ ಕೋಲನ್ನು ತನ್ನ ಕೋಟಿನ ಬೆನ್ನಿಗೆ ಸಿಕ್ಕಿಸಿಕೊಂಡಿದ್ದ. ಮೈ ವಾಲಿಸಿದರೆ ರೆಕ್ಕೆ ತಿರುಚುತ್ತಿತ್ತು. ನಾನು ಜಾತ್ರೆಯ ಗೊಂಬೆಗೆ ಕೋಟು, ಪನಾಮ ಟೋಪಿ ಹಾಕಿ ಒಳಗೆ ಸರ್ವೋ ಕೂರಿಸಿದೆ. ಟೋಪಿ ಹಾರಿ ಪ್ರೊಪೆಲ್ಲರಿಗೆ ಸಿಕ್ಕಿತು. ಗೊಂಬೆ ಈಗಲೂ ವಾಲುತ್ತೆ, ತಂತಿ ಮಾತ್ರ ಬೇರೆ ಸರ್ವೋಗೆ. ನೋಡುವವರಿಗೆ ಹೇಳಲ್ಲ.

ಈಗ ತೂಕ 1.1 ಕೆಜಿ. ಒಟ್ಟು ಖರ್ಚು ಇಪ್ಪತ್ಮೂರು ಸಾವಿರದ ಹತ್ತಿರ, ಅರ್ಧಕ್ಕಿಂತ ಹೆಚ್ಚು ಬಿದ್ದು ಮುರಿದದ್ದಕ್ಕೇ. ಗಾಳಿ ಜೋರಿದ್ದರೆ ಇದು ಹಾರಲ್ಲ. ಹಾರಿಸಲು ಹೋಗುವ ದಾರಿಯಲ್ಲಿ ಚಿತ್ರದುರ್ಗದ ಗುಡ್ಡದ ಗಾಳಿಯಂತ್ರ ತಿರುಗುತ್ತಿದ್ದರೆ ಅಲ್ಲಿಂದಲೇ ತಿಂಡಿ ತಿಂದು ವಾಪಸ್.

ಅಜ್ಜನಿಗೆ ವಿಡಿಯೊ ತೋರಿಸಿದೆ. ಹಾರಿದ್ದರ ಬಗ್ಗೆ ಒಂದು ಮಾತಿಲ್ಲ. ಬಾಲದ ಗಳದ ಮೇಲೆ ಬೆರಳಿಟ್ಟು, "ಇಲ್ಲಿ ಸೊಟ್ಟ ಐತಲ್ಲ" ಅಂದ. ಹೌದು, ಐದು ಮಿಲಿಮೀಟರ್.