ತಲೆ-ಬುಡ ಇಲ್ಲದ ಲ್ಯಾಟಿನ್ ಹಾಳೆಯ ಗುರುತು ಹಿಡಿದೆ

ನಾನು ಕೊಂಡ ಮಧ್ಯಯುಗದ ತೊಗಲಿನ ಕೈಬರಹದ ಹಾಳೆ ಯಾವ ಪುಸ್ತಕದ್ದು ಅಂತ ಕೊನೆಗೂ ಸಿಕ್ಕಿತು. ಪೆರಾಲ್ಡಸ್‌ನ ದುರ್ಗುಣಗಳ 'ಸುಮ್ಮಾ' (ಸಮಗ್ರ ಗ್ರಂಥ), ನಾಲಿಗೆಯ ಪಾಪದ ಭಾಗ. ಫ್ರಾನ್ಸಿನ ಲಿಯೋನ್‌ನ ಡೊಮಿನಿಕನ್ ಪಂಥದ ಕ್ರೈಸ್ತ ಸನ್ಯಾಸಿ, 1236ರ ಆಸುಪಾಸಿನ ಬರಹ. ಕ್ರೈಸ್ತರ ಏಳು ಮಹಾಪಾಪ ಸಾಲದು ಅಂತ ನಾಲಿಗೆಯದನ್ನೂ ಸೇರಿಸಿ, ಅದರಲ್ಲೇ 24 ಬಗೆ ಎಣಿಸಿದ ಪುಣ್ಯಾತ್ಮ. 'ಇದು ಯಾವುದೋ ಚರ್ಚಿನ ಉಪದೇಶದ ತುಂಡು, ಮೊದಲ ಸಾಲಿಲ್ಲದೆ ಹುಡುಕೋದು ದಂಡ' ಎಂದವರು ಈಗ ನೋಡಲಿ.

ಅವರ ಮಾತಿನಲ್ಲೂ ಹುರುಳಿತ್ತು. ಮಧ್ಯಯುಗದ ಲ್ಯಾಟಿನ್ ಉಪದೇಶಗಳ ದೊಡ್ಡ ಸೂಚಿ, ಶ್ನೈಯರ್‌ನ 11 ಸಂಪುಟ, ನಿಂತಿರುವುದೇ ಮೊದಲ ಸಾಲುಗಳ ಮೇಲೆ. ನನ್ನ ಹಾಳೆ ಹಳೇ ಪುಸ್ತಕದ ರಟ್ಟಿನೊಳಗಿಂದ ಬಂದದ್ದು. ಮೇಲೆ ನಾಲ್ಕೈದು ಸಾಲು ಕತ್ತರಿಸಿ ಹೋಗಿದೆ, ಅರ್ಧ ಪುಟಕ್ಕೆ ಅಂಟು.

ಹಾಳೆಗೆ ಸುಮಾರು 120 ಯೂರೋ. ಒಂದು ಸ್ಟುಡಿಯೋದಲ್ಲಿ ಫೋಟೋ ತೆಗೆಸಲು ಇನ್ನೂರರ ಹತ್ತಿರ. ಫೋಟೋ ಚೆಂದ, ಅಕ್ಷರ ಮಾತ್ರ ಕಾಣಲಿಲ್ಲ. ಕಂಪ್ಯೂಟರ್‌ಗೆ ಓದಿಸಿದ ದುಡ್ಡೂ ಹೋಯಿತು. ಸಾಲಾಗಿ ನಿಂತ ಗೀಟುಗಳಲ್ಲಿ ಎನ್ ಯಾವುದು, ಯು ಯಾವುದು ಅಂತ ಅದಕ್ಕೆ ತಿಳಿಯಲೇ ಇಲ್ಲ. ಕೆಲಸಕ್ಕೆ ಬಂದದ್ದು ಮೂವತ್ತು ಚಿಲ್ಲರೆ ಯೂರೋದ 365 ನ್ಯಾನೋಮೀಟರ್ ಅತಿನೇರಳೆ (ಯುವಿ) ಟಾರ್ಚು, ಕತ್ತಲೆ ಬಚ್ಚಲುಮನೆ, ಹಳೇ ಕ್ಯಾಮೆರಾ. ತೊಗಲು ನೀಲಿಯಾಗಿ ಹೊಳೆಯುತ್ತದೆ, ಮಸಿ ಹೊಳೆಯಲ್ಲ. ಮಾಸಿದ ಕಂದು ಗೆರೆ ಕಪ್ಪಗೆ ಎದ್ದು ನಿಲ್ಲುತ್ತದೆ. 395ರ ಅಗ್ಗದ ಟಾರ್ಚು ಬೇಡ, ಎಲ್ಲ ನೇರಳೆ ಆಗುತ್ತದೆ. ಅಂಟಿನ ಜಾಗಕ್ಕೆ ಯಾವ ಓರೆಯಲ್ಲಿ ಬೆಳಕು ಬಿಟ್ಟೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಒಂದು ಹುಚ್ಚು. ಊರಿನ ಗ್ರಂಧಿಗೆ ಅಂಗಡಿಯಿಂದ ಅಮ್ಮ ಕಳಿಸಿದ ಮಾಚಿಕಾಯಿ, ಅನ್ನಭೇದಿ, ಒಂದಿಷ್ಟು ಗೋಂದು ಸೇರಿಸಿ ಮಸಿ ಮಾಡಿದೆ. ಆ ಕಾಲದ ಬರಹಗಾರರ ಮಸಿಯೂ ಅದೇ ಅಲ್ವಾ? ಆಡಿನ ತೊಗಲಿನ ಮೇಲೆ ಬರೆದು, ಒದ್ದೆ ಬಟ್ಟೆಯಲ್ಲಿ ಉಜ್ಜಿ, ಟಾರ್ಚ್ ಹಿಡಿದೆ. ಕಣ್ಣಿಗೆ ಕಾಣದ್ದೂ ಓದಲು ಬಂತು. ಆಮೇಲೇ ಟಾರ್ಚಿನ ಮೇಲೆ ನಂಬಿಕೆ ಬಂದದ್ದು.

ಇನ್ನು ಹುಡುಕಾಟ. ನಕಲು ಮಾಡುವವರು ಪದ ಬದಲಿಸುತ್ತಾರೆ, ವಾಕ್ಯ ಹಾರಿಸುತ್ತಾರೆ. ಬೈಬಲ್ ವಚನಗಳ ಸಾಲನ್ನು ಮಾತ್ರ ಅಷ್ಟಾಗಿ ಕೆಡಿಸುವುದಿಲ್ಲ. ಯಾಕೋಬ 3ರ 'ನಾಲಿಗೆಯನ್ನು ಯಾರೂ ಪಳಗಿಸಲಾರರು', ಜ್ಞಾನೋಕ್ತಿ 18ರ 'ಜೀವ-ಮರಣ ನಾಲಿಗೆಯ ವಶ', ಹೀಗೆ ಬಂದ ಕ್ರಮದಲ್ಲೇ ಪಟ್ಟಿ ಮಾಡಿಕೊಂಡೆ. ನಾಲಿಗೆಯ ವಿಷಯ ಅಂತ ಗೊತ್ತಾದ ಮೇಲೆ ಹಳೇ ಮುದ್ರಣಗಳ ಸ್ಕ್ಯಾನ್‌ಗಳಲ್ಲಿ ಹುಡುಕಿದೆ. ಅಲ್ಲಿ ಉದ್ದ ಎಸ್ ಅನ್ನು (ಹಳೇ ಅಚ್ಚಿನಲ್ಲಿ ಎಫ್‌ನಂತೆ ಕಾಣುವ ಎಸ್) ಯಂತ್ರ ಎಫ್ ಅಂತ ಓದಿರುತ್ತದೆ. ಹಾಗಾಗಿ ಎಸ್ ಇಲ್ಲದ ಪದಗಳನ್ನೇ ಆರಿಸಬೇಕು. ಹಾಳೆಯಲ್ಲಿ 'ನಿಕಿಲ್' (ಏನೂ ಇಲ್ಲ) ಅಂತಿದ್ದರೆ ಮುದ್ರಣದ ಕಾಗುಣಿತದಂತೆ 'ನಿಹಿಲ್' ಮಾಡಬೇಕು. ಬರೀ ಇ ಇದ್ದಲ್ಲಿ ಎ-ಇ ಜೋಡಿಯನ್ನೂ ಹಾಕಿ ನೋಡಬೇಕು.

ಎರಡು ಮೂರು ಸಾಲು ಹೊಂದಿದರೆ ಸಾಲದು. ಉಪದೇಶಕಾರರು ಪೆರಾಲ್ಡಸ್‌ನಿಂದ ಧಾರಾಳವಾಗಿ ಎತ್ತಿಕೊಂಡಿದ್ದಾರೆ. ಅದಕ್ಕೇ ಮುಂಬದಿ ಮುಗಿದಲ್ಲಿಂದ ಹಿಂಬದಿ ಶುರುವಾಗುವವರೆಗೆ ಮುದ್ರಣದಲ್ಲಿ ಎಷ್ಟು ಪಠ್ಯ ಇದೆ ಅಂತ ಅಳೆದೆ. ಕತ್ತರಿಸಿ ಹೋದ ನಾಲ್ಕೈದು ಸಾಲಿಗೆ ಸರಿಯಾಗಿ ಕೂತಿತು.

ಅಂಚಿನಲ್ಲಿ ಬೇರೆ ಕೈಯ ಎರಡು ಸಾಲು ಇದೆ. ಅದು ಪೆರಾಲ್ಡಸ್‌ನದಲ್ಲ. ಅದಕ್ಕೂ ಇದೇ ದಾರಿ ಹಿಡಿದಿದ್ದೇನೆ.