ಟ್ರಯಜೋಲ್ ಔಷಧಿ ಮೇಲಕ್ಕೆ ಮಾತ್ರ ಹೋಗುತ್ತದೆ: ಹೊಡೆಯುವ ಮುಂಚೆ ತಿಳಿದುಕೊಳ್ಳಿ

ಅಂತರ್ವ್ಯಾಪಿ ಔಷಧಿ ಅಂದರೆ ಎಲ್ಲಿ ಬಿದ್ದರೂ ಗಿಡದ ತುಂಬಾ ಹರಡುತ್ತದೆ ಅಂತ ನಾನು ನಂಬಿದ್ದೆ. ಬೀನ್ಸ್‌ಗೆ ತುಕ್ಕು ರೋಗ ಬಂದಾಗ ನಿಂತಲ್ಲಿಂದಲೇ ಮೇಲಿನ ಎಲೆಗಳಿಗೆ ಟ್ರಯಜೋಲ್ ಹೊಡೆದು ಬಂದೆ. ಹತ್ತು ದಿನ ಬಿಟ್ಟು ನೋಡಿದರೆ ಮೇಲೆ ಹಸಿರು. ಕೆಳಗಿನ ಎಲೆ ತಿರುಗಿಸಿದರೆ ಬೆರಳಿಗೆಲ್ಲ ಕಂದು ಪುಡಿ. ತುಂಬಾ ಬೇಜಾರಾಯಿತು.

ಪ್ರೊಪಿಕೊನಜೋಲ್, ಹೆಕ್ಸಾಕೊನಜೋಲ್, ಟೆಬುಕೊನಜೋಲ್ ಎಲ್ಲವೂ ಟ್ರಯಜೋಲ್ ಎಂಬ ಶಿಲೀಂಧ್ರನಾಶಕ ಗುಂಪಿನವು. ಎಲೆಯೊಳಗೆ ಇಳಿದ ಮೇಲೆ ಇವು ನೀರು ಏರುವ ನಾಳದಲ್ಲೇ ಸಾಗುತ್ತವೆ. ಎಲೆಯ ಬುಡದಿಂದ ತುದಿಗೆ ಹೋಗುತ್ತವೆ, ವಾಪಸ್ ಬರುವುದಿಲ್ಲ. ಹಾಗಾಗಿ ನಾನೀಗ ಮಂಡಿಯೂರಿ, ನಾಜಲ್ ಮೇಲ್ಮುಖ ಮಾಡಿ, ಕೆಳಗಿನ ಎಲೆಗಳ ಅಡಿಯಿಂದಲೇ ಶುರು ಮಾಡುತ್ತೇನೆ. ಒಂದು ಎಲೆಗೆ ಬಿದ್ದದ್ದು ಆ ಎಲೆಯಲ್ಲೇ ಉಳಿಯುವುದರಿಂದ, ಸಿಂಪಡಿಸಿದ ಮೇಲೆ ಚಿಗುರುವ ಹೊಸ ಎಲೆಗೂ ರಕ್ಷಣೆ ಸಿಗುತ್ತದೆ ಅಂತ ಕೂರಬೇಡಿ.

ಯಾವಾಗ ಹೊಡೆಯಬೇಕು? ಇದು ಗೊತ್ತಾಗಬೇಕಾದರೆ ಔಷಧಿ ಏನು ಮಾಡುತ್ತದೆ ಅಂತ ನೋಡಬೇಕು. ಶಿಲೀಂಧ್ರದ ಜೀವಕೋಶದ ಪೊರೆಗೆ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು ಬೇಕು. ಅದನ್ನು ತಯಾರಿಸುವ ಒಂದು ಕಿಣ್ವವನ್ನು ಟ್ರಯಜೋಲ್ ತಡೆಯುತ್ತದೆ. ಪೊರೆ ಕೆಟ್ಟು ಶಿಲೀಂಧ್ರದ ಎಳೆ ಬೆಳೆಯುವುದು ನಿಲ್ಲುತ್ತದೆ. ಆದರೆ ಬೀಜಕಣದೊಳಗೆ ಮೊದಲೇ ಸ್ವಲ್ಪ ದಾಸ್ತಾನು ಇರುತ್ತದೆ, ಅದರ ಬಲದಲ್ಲಿ ಅದು ಮೊಳೆತೇ ಬಿಡುತ್ತದೆ. ಔಷಧಿಯ ಕೆಲಸ ಶುರುವಾಗುವುದು ಆಮೇಲೆ, ಎಲೆಯೊಳಗೆ. ಅದಕ್ಕೇ ಸೋಂಕು ತಗುಲಿದ ಮೊದಲ ಕೆಲವು ದಿನಗಳಲ್ಲೂ ಇದು ಹಿಡಿತ ಸಾಧಿಸುತ್ತದೆ. ಒಂದೆರಡು ಚುಕ್ಕೆ ಕಂಡ ಕೂಡಲೇ ಹೊಡೆಯಿರಿ. ಎಲೆ ಪೂರ್ತಿ ತುಕ್ಕಾದ ಮೇಲೆ ಹೊಡೆದರೆ ಸುಮ್ನೆ ದಂಡ, ಸತ್ತ ಭಾಗ ಮತ್ತೆ ಹಸಿರಾಗುವುದಿಲ್ಲ ಅಲ್ವಾ?

ರೋಗ ಯಾವುದು ಅಂತಲೂ ನೋಡಿ. ತುಕ್ಕು, ಬೂದಿ ರೋಗ, ಹಲವು ಎಲೆಚುಕ್ಕೆ ರೋಗಗಳಿಗೆ ಇದು ಸರಿ. ಬೂಜು ತುಪ್ಪಟ ರೋಗಕ್ಕೆ, ಆಲೂಗಡ್ಡೆಯ ಕೊನೆ ಅಂಗಮಾರಿಗೆ ಇದು ನಾಟುವುದಿಲ್ಲ. ಆ ರೋಗಾಣುಗಳು ಎರ್ಗೊಸ್ಟೆರಾಲ್ ತಯಾರಿಸುವುದೇ ಇಲ್ಲ.

ಕೈ ಜಾರಿ ಜಾಸ್ತಿ ಹಾಕಬೇಡಿ. ಗಿಡವನ್ನು ಬೆಳೆಸುವ ಜಿಬ್ಬರೆಲಿನ್ ಎಂಬ ಹಾರ್ಮೋನ್ ಕೂಡ ತಗ್ಗಿ ಬೆಳವಣಿಗೆ ಕುಗ್ಗಬಹುದು, ಅದರಲ್ಲೂ ಎಳೆಯ ಸಸಿಗಳಲ್ಲಿ. ಪ್ರಮಾಣ, ಕೊಯ್ಲಿಗೆ ಮುಂಚೆ ಬಿಡಬೇಕಾದ ದಿನಗಳು, ಎರಡೂ ಲೇಬಲ್‌ನಲ್ಲಿರುವಂತೆಯೇ ಇರಲಿ. ಕೈಗವಸು, ಮುಖಗವಸು ಬೇಕೇ ಬೇಕು.

ಮುಂದಿನ ಸಲ ಇದೇ ಗುಂಪಿನ ಇನ್ನೊಂದು ಹೆಸರಿನ ಔಷಧಿ ತಂದರೆ ಬದಲಾಯಿಸಿದಂತೆ ಆಗುವುದಿಲ್ಲ. ಲೇಬಲ್‌ನಲ್ಲಿ ಗುಂಪಿನ ಸಂಖ್ಯೆ ಇದ್ದರೆ ಟ್ರಯಜೋಲ್‌ನದು 3. ಪದೇ ಪದೇ 3 ಅನ್ನೇ ಹೊಡೆದರೆ ಶಿಲೀಂಧ್ರ ನಿಧಾನವಾಗಿ ಒಗ್ಗಿಕೊಳ್ಳುತ್ತದೆ. ನಾನು ಒಂದು ಸಲ ಇದನ್ನು ಹೊಡೆದರೆ ಮುಂದಿನ ಸಲಕ್ಕೆ ಆ ಬೆಳೆಗೆ ಒಪ್ಪುವ, ಮ್ಯಾಂಕೋಜೆಬ್‌ನಂಥ ಬೇರೆ ಗುಂಪಿನದನ್ನು ತರುತ್ತೇನೆ. ಯಾವ ತಾರೀಕು ಯಾವುದನ್ನು ಹೊಡೆದೆ ಅಂತ ಪುಸ್ತಕದಲ್ಲಿ ಬರೆದಿಡುತ್ತೇನೆ.